ಯಾರ ಸುಖಕ್ಕೆ ಈ ಬ್ಯಾಟರಿ ಸೈಕಲ್?

ಕರ್ನಾಟಕದಲ್ಲಿ ಪೆಟ್ರೋಲಿನ ಬೆಲೆ 2021ರ ಜೂನ್ ತಿಂಗಳಲ್ಲಿ ಲೀಟರಿಗೆ ನೂರು ರೂಪಾಯಿಯ ಗಡಿ ದಾಟಿತು. ಆ ಬಳಿಕ ಮಲೆನಾಡಿನ ಪೇಟೆಗಳಲ್ಲೂ ಬ್ಯಾಟರಿ ವಾಹನಗಳ ಮಳಿಗೆಗಳು ಒಂದೊಂದಾಗಿ ಬಾಗಿಲು ತೆರೆದವು. ಈ ಸಾಲಿಗೆ ಸೇರಿದ ಹೊಸ ಸರಕೆಂದರೆ ‘ಕಂಫರ್ಟ್’ ಎಂಬ ಬಿರುದು ಹೊತ್ತ ಇ-ಸೈಕಲ್. ಅಗಲವಾದ ಮೆತ್ತನೆಯ ಸೀಟು, ಬೆನ್ನು ನೆಟ್ಟಗೆ ಇಟ್ಟು ಕೂರಲು ಅನುವಾಗುವಂತೆ ಹಿಂದಕ್ಕೆ ಬಾಗಿದ ಹ್ಯಾಂಡಲ್, ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ತುಳಿಯಲು ಬೇಸರವಾದರೆ ಕೈ ತಿರುಗಿಸಿದೊಡನೆ ಓಡಿಸುವ ಆಕ್ಸಿಲರೇಟರ್. ಜಾಹೀರಾತಿನ ಚಿತ್ರದಲ್ಲಿ ರಸ್ತೆ ಸಪಾಟಾಗಿರುತ್ತದೆ, ಆಕಾಶ ನಿರ್ಮಲವಾಗಿರುತ್ತದೆ. ಬೆವರಿಲ್ಲ, ಹೊಗೆಯಿಲ್ಲ, ಲೈಸೆನ್ಸಿನ ಗೊಡವೆಯಿಲ್ಲ ಎಂಬ ಭರವಸೆ ಅದರ ಕೆಳಗಿರುತ್ತದೆ.

ಈ ಸೈಕಲ್ಲಿನ ಕುರಿತು ಪರಿಸರಾಸಕ್ತರಲ್ಲೇ ಎರಡು ಪಂಗಡಗಳಿವೆ. ಹೊಗೆ ಬಿಡದ ವಾಹನವೆಲ್ಲ ಹಸಿರು ವಾಹನವೆಂದು ಒಂದು ಪಂಗಡ ನಂಬುತ್ತದೆ. ಇದು ನಗರದ ಉಳ್ಳವರ ಆಟಿಕೆ, ಗುಡ್ಡಗಾಡಿಗೆ ಹೊಂದದ ಮಾರುಕಟ್ಟೆಯ ಮಾಯೆ ಎಂದು ಇನ್ನೊಂದು ಪಂಗಡ ತಳ್ಳಿಹಾಕುತ್ತದೆ. ಇಬ್ಬರೂ ಲೆಕ್ಕ ಹಾಕುವ ಶ್ರಮ ತೆಗೆದುಕೊಂಡಂತಿಲ್ಲ. ಬ್ಯಾಟರಿಯ ನೆರವಿರುವ ಸೈಕಲ್ ಮಲೆನಾಡಿಗೆ ನಿಜಕ್ಕೂ ಒದಗಬಲ್ಲ ಯಂತ್ರ. ಆದರೆ ‘ಸುಖ’ದ ಹೆಸರಿನಲ್ಲಿ ಈಗ ಮಾರಲಾಗುತ್ತಿರುವ ಮಾದರಿಯನ್ನು ರೂಪಿಸಿದವರ ಕಣ್ಣಮುಂದೆ ಏರು, ಮಳೆ, ಕಾಲುಸಂಕ ಇರಲಿಲ್ಲ. ಸುಖವೆಂದರೆ ಏನೆಂಬುದನ್ನು ಗುಡ್ಡದ ಜನ ತಾವೇ ನಿರ್ಧರಿಸದಿದ್ದರೆ ಅದನ್ನು ಅಂಗಡಿಯವನು ನಿರ್ಧರಿಸುತ್ತಾನೆ.

ಒಪ್ಪಲೇಬೇಕಾದ ಒಳಿತು

ಮೊದಲು ಒಳಿತಿನ ಲೆಕ್ಕ. ಸಾಮಾನ್ಯ ಇ-ಸೈಕಲ್ಲಿನ ಬ್ಯಾಟರಿಯಲ್ಲಿ ಸುಮಾರು 280 ವಾಟ್-ಗಂಟೆಯಷ್ಟು ವಿದ್ಯುತ್ ಹಿಡಿಸುತ್ತದೆ. ಚಾರ್ಜರಿನ ನಷ್ಟವನ್ನೂ ಸೇರಿಸಿದರೆ ಒಮ್ಮೆ ತುಂಬಿಸಲು ಬೇಕಾಗುವುದು ಯೂನಿಟ್ಟಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, 0.35 ಯೂನಿಟ್. ದಿನವೂ ತುಂಬಿಸಿದರೂ ತಿಂಗಳಿಗೆ ಹತ್ತು ಯೂನಿಟ್ ಚಿಲ್ಲರೆ. ಸಪಾಟು ರಸ್ತೆಯಲ್ಲಿ 25 ಕಿಲೋಮೀಟರ್ ಸಾಗಲು ಎರಡು ಮೂರು ರೂಪಾಯಿಯ ವಿದ್ಯುತ್ ಸಾಕು. ಅಷ್ಟೇ ದೂರಕ್ಕೆ ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್ ಐವತ್ತು ರೂಪಾಯಿಗೂ ಮಿಕ್ಕಿದ ಪೆಟ್ರೋಲ್ ಕುಡಿಯುತ್ತದೆ.

‘ವಿದ್ಯುತ್ತು ಕಲ್ಲಿದ್ದಲಿನಿಂದ ತಾನೆ ಬರುವುದು’ ಎಂಬ ಆಕ್ಷೇಪವಿದೆ. ಅದಕ್ಕೂ ಉತ್ತರವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಸ್ಕೂಟರ್ ಕಿಲೋಮೀಟರಿಗೆ ಐವತ್ತು ಗ್ರಾಂನಷ್ಟು ಉಗುಳುತ್ತದೆ. ಇ-ಸೈಕಲ್ ಕಿಲೋಮೀಟರಿಗೆ ಬಳಸುವುದು 10ರಿಂದ 15 ವಾಟ್-ಗಂಟೆ. ಕಲ್ಲಿದ್ದಲೇ ಪ್ರಧಾನವಾಗಿರುವ ಭಾರತದ ವಿದ್ಯುತ್ ಜಾಲದ ಲೆಕ್ಕದಲ್ಲಿ ಇದು ಹತ್ತು ಗ್ರಾಂ ಆಸುಪಾಸು. ಕೆಟ್ಟ ವಿದ್ಯುತ್ತಿನಲ್ಲೂ ಸೈಕಲ್ಲಿನ ಪಾಲು ಐದನೇ ಒಂದು ಭಾಗ ಮಾತ್ರ.

ದೇಹಕ್ಕೆ ಆಗುವ ಅನುಕೂಲವೂ ಕಡಿಮೆಯದಲ್ಲ. ತುಳಿದಾಗ ಮಾತ್ರ ಮೋಟಾರು ನೆರವಾಗುವ ಸೈಕಲ್ ಸವಾರನಿಗೆ ಹದವಾದ ವ್ಯಾಯಾಮ ಕೊಡುತ್ತದೆ. ಮೊಣಕಾಲು ನೋವಿನ ಹಿರಿಯರು ಏರಿನಲ್ಲಿ ಇಳಿದು ತಳ್ಳುವ ಪ್ರಮೇಯ ತಪ್ಪುತ್ತದೆ. ನಡುವಿನ ಅಡ್ಡಕಂಬಿ ಕೆಳಕ್ಕಿಳಿದಿರುವ ಚೌಕಟ್ಟು ಸೀರೆಯುಟ್ಟ ಹೆಂಗಸರಿಗೂ ಹತ್ತಿ ಇಳಿಯಲು ಸಲೀಸು. ಕಂಫರ್ಟ್ ಮಾದರಿಯವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ಮುಖ್ಯವಾದದ್ದು, ಇದನ್ನು ಮೆಚ್ಚಲೇಬೇಕು. ಜರ್ಮನಿಯಲ್ಲಿ 2023ರಲ್ಲಿ ಮಾರಾಟವಾದ ಹೊಸ ಸೈಕಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 21 ಲಕ್ಷ, ಬ್ಯಾಟರಿಯವು. ಆಟಿಕೆಯೊಂದು ಅಷ್ಟು ದೂರ ಓಡುವುದಿಲ್ಲ.

ಏರು ಕೇಳುವ ಪ್ರಶ್ನೆ

ಕೆಡುಕಿನ ಲೆಕ್ಕ ಶುರುವಾಗುವುದು ಊರಿನ ಮೊದಲ ಚಡಾವಿನಲ್ಲಿ. ಬೆನ್ನು ನೆಟ್ಟಗಿಟ್ಟು ಕೂರುವ ಸೈಕಲ್ಲಿಗೆ ಹೆಸರಾದ ದೇಶ ನೆದರ್ಲೆಂಡ್ಸ್. ಆ ದೇಶದ ಸುಮಾರು ಕಾಲು ಭಾಗ ನೆಲ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ಅಲ್ಲಿ ಹದವಾಗಿ ಒಗ್ಗಿದ ವಿನ್ಯಾಸವನ್ನು ಹಾಗೆಯೇ ಎತ್ತಿ ತಂದು ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರದ ಗುಡ್ಡದ ದಾರಿಗೆ ಇಳಿಸಿದರೆ ಭೌತಶಾಸ್ತ್ರ ಸುಮ್ಮನಿರುವುದಿಲ್ಲ.

ಸವಾರ, ಸೈಕಲ್, ಒಂದು ಚೀಲ ಸೇರಿ ನೂರು ಕಿಲೋ ತೂಕ ಎಂದಿಟ್ಟುಕೊಳ್ಳಬಹುದು. ಇಷ್ಟನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು 27 ವಾಟ್-ಗಂಟೆ ಶಕ್ತಿ ಬೇಕು. ಮೋಟಾರಿನ ನಷ್ಟ ಸೇರಿದರೆ 35ರಿಂದ 40. ಮೋಟಾರನ್ನೇ ನೆಚ್ಚಿದರೆ, ಸಪಾಟು ದಾರಿಯ ಓಟಕ್ಕೆ ಏನನ್ನೂ ಉಳಿಸಿಕೊಳ್ಳದೆ, ತುಂಬಿದ ಬ್ಯಾಟರಿ ಒಟ್ಟು 700 ಮೀಟರ್ ಏರಿಸಿ ಬರಿದಾಗುತ್ತದೆ. ದಿನಕ್ಕೆ ಹತ್ತಾರು ಬಾರಿ ಏರಿಳಿಯುವ ದಾರಿಯಲ್ಲಿ ಜಾಹೀರಾತಿನ ‘40 ಕಿಲೋಮೀಟರ್’ ಅರ್ಧಕ್ಕೆ ಇಳಿದರೆ ಆಶ್ಚರ್ಯಪಡಬೇಕಿಲ್ಲ. ಅಲ್ಲಿ ಮೋಸ ನಡೆದಿರಬೇಕಿಲ್ಲ, ಅಳತೆ ನಡೆದ ರಸ್ತೆಯೇ ಬೇರೆ.

ವೇಗದ ಮಾತೂ ಹಾಗೆಯೇ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವಾಟ್‌ಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ ಬ್ಯಾಟರಿ ವಾಹನಕ್ಕೆ ನೋಂದಣಿಯೂ ಲೈಸೆನ್ಸೂ ಬೇಡ. ಅಷ್ಟು ಶಕ್ತಿಯ ಮೋಟಾರೊಂದೇ ಎಳೆದರೆ ನೂರಕ್ಕೆ ಹತ್ತು ಏರಿರುವ ರಸ್ತೆಯಲ್ಲಿ ಗಂಟೆಗೆ ಒಂಬತ್ತು ಕಿಲೋಮೀಟರ್ ದಾಟುವುದಿಲ್ಲ. 25ರ ವೇಗಕ್ಕೆಂದು ಚಕ್ರದ ನಡುವೆ ಕೂರಿಸಿದ ಹಬ್ ಮೋಟಾರು ಹೀಗೆ ತೆವಳುವಾಗ ಅದರ ದಕ್ಷತೆ ಕುಸಿಯುತ್ತದೆ, ಬ್ಯಾಟರಿಯ ಶಕ್ತಿ ಚಕ್ರಕ್ಕೆ ಹೋಗುವ ಬದಲು ತಂತಿಸುರುಳಿಯನ್ನು ಕಾಯಿಸುತ್ತದೆ. ಸವಾರನೂ ತುಳಿದು 75 ವಾಟ್ ಸೇರಿಸಿದರೆ ವೇಗ ಹನ್ನೊಂದು-ಹನ್ನೆರಡಕ್ಕೇರಿ ಮೋಟಾರು ಉಸಿರಾಡುತ್ತದೆ. ಪೆಡಲಿನ ಅಚ್ಚಿನ ಬಳಿಯೇ ಮೋಟಾರು ಇಟ್ಟು ಗೇರಿನ ಮೂಲಕ ಚಕ್ರ ತಿರುಗಿಸುವ ವಿನ್ಯಾಸ ಏರಿಗೆ ಇನ್ನೂ ಹೊಂದುತ್ತದೆ, ಏಕೆಂದರೆ ಸಣ್ಣ ಗೇರಿನಲ್ಲಿ ಮೋಟಾರು ತನ್ನ ಹದವಾದ ವೇಗದಲ್ಲೇ ತಿರುಗುತ್ತದೆ. ಅದರ ಬೆಲೆ ಹೆಚ್ಚು, ಚೈನು ಬೇಗ ಸವೆಯುತ್ತದೆ ಎಂಬುದೂ ನಿಜ. ಗುಡ್ಡಕ್ಕೆ ಬೇಕಾದ ಸುಖ ಗೇರಿನಲ್ಲಿದೆ. ಮಾರಾಟಕ್ಕಿರುವ ಅಗ್ಗದ ಕಂಫರ್ಟ್ ಸೈಕಲ್ಲುಗಳಲ್ಲಿ ಮೊದಲು ಕೈಬಿಡುವುದು ಆ ಗೇರನ್ನೇ.

ಏರಿಗೆ ಸಾಲದೆಂದು ಹೆಚ್ಚು ಶಕ್ತಿಯ ಮೋಟಾರನ್ನು ‘ಲೈಸೆನ್ಸ್ ಬೇಡ’ ಎಂಬ ಅದೇ ಮಾತಿನಲ್ಲಿ ಮಾರುವವರ ಬಗ್ಗೆ ವಿದ್ಯಾರ್ಥಿಗಳು ವಿಶೇಷವಾಗಿ ಎಚ್ಚರ ವಹಿಸಬೇಕು. ಮಿತಿ ಮೀರಿದ ಗಾಡಿ ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನ. ಅಪಘಾತವಾದ ದಿನ ನೋಂದಣಿಯಿಲ್ಲ, ವಿಮೆಯಿಲ್ಲ, ಲೈಸೆನ್ಸಿಲ್ಲ ಎಂಬ ಮೂರು ಇಲ್ಲಗಳು ಸವಾರನ ಕೊರಳಿಗೇ ಸುತ್ತಿಕೊಳ್ಳುತ್ತವೆ.

ಇಳಿಜಾರು, ಮಳೆ ಮತ್ತು ಕಾಲುಸಂಕ

ಏರಿದವರು ಇಳಿಯಲೇಬೇಕು. ಆಗುಂಬೆ ಘಾಟಿಯಂಥ ಹದಿನಾಲ್ಕು ತಿರುವುಗಳ ಇಳಿಜಾರನ್ನು ಬದಿಗಿಡೋಣವೆಂದರೂ ಊರೊಳಗಿನ ಇಳಿಜಾರು ತಪ್ಪಿದ್ದಲ್ಲ. ನೂರು ಕಿಲೋ ತೂಕ 500 ಮೀಟರ್ ಇಳಿಯುವಾಗ ಸುಮಾರು 136 ವಾಟ್-ಗಂಟೆ ಶಕ್ತಿ, ಅಂದರೆ ಅರ್ಧ ಬ್ಯಾಟರಿಯಷ್ಟು, ಬಹುಪಾಲು ಬ್ರೇಕಿನಲ್ಲಿ ಶಾಖವಾಗಿ ಕರಗಬೇಕು. ಇಳಿಯುವಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಎಂಬ ಮಾತನ್ನು ಪೂರ್ತಿ ನಂಬಬಾರದು. ಒಳಗೆ ಗೇರಿರುವ ಹಬ್ ಮೋಟಾರುಗಳು ಇಳಿಜಾರಿನಲ್ಲಿ ಚಕ್ರದಿಂದ ಬಿಡಿಸಿಕೊಂಡು ಸುಮ್ಮನಾಗುತ್ತವೆ, ಅವು ಏನನ್ನೂ ಹಿಂದಿರುಗಿಸಲಾರವು. ಗೇರಿಲ್ಲದ ಹಬ್ ಮೋಟಾರು ಹಿಂದಿರುಗಿಸುವುದೂ ಅಲ್ಪ. ಆದ್ದರಿಂದ ಎರಡೂ ಚಕ್ರಕ್ಕೆ ಒಳ್ಳೆಯ ಡಿಸ್ಕ್ ಬ್ರೇಕು ಇಲ್ಲದ ಇ-ಸೈಕಲ್ ಮಲೆನಾಡಿನಲ್ಲಿ ಮಾರಾಟಕ್ಕೇ ಯೋಗ್ಯವಲ್ಲ. ಒದ್ದೆಯಾದ ರಿಮ್ಮನ್ನು ರಬ್ಬರಿನ ತುಂಡು ಹಿಡಿಯಲಾರದು ಎಂಬುದು ಮಳೆಗಾಲದಲ್ಲಿ ಶಾಲೆಗೆ ಸೈಕಲ್ ತುಳಿದ ಪ್ರತಿ ಮಗುವಿಗೂ ಗೊತ್ತು.

ಮಳೆಯ ಮಾತು ಇನ್ನೂ ಗಂಭೀರ. ಅನೇಕ ಇ-ಸೈಕಲ್ಲುಗಳಿಗೆ ಇರುವ ಐಪಿಎಕ್ಸ್4 ಎಂಬ ದರ್ಜೆಯ ಅರ್ಥ, ಸಿಡಿಯುವ ನೀರನ್ನು ಅದು ತಾಳುತ್ತದೆ ಎಂದಷ್ಟೇ. ರಭಸದ ಧಾರೆಗೂ ಮುಳುಗುವಿಕೆಗೂ ಬೇರೆ ದರ್ಜೆಗಳಿವೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಸೀಮೆಯಲ್ಲಿ, ರಸ್ತೆಯ ಮೇಲೇ ಹಳ್ಳ ಹರಿಯುವ ಆಷಾಢದಲ್ಲಿ, ‘ವಾಟರ್ ಪ್ರೂಫ್’ ಎಂಬ ಚೀಟಿಗೆ ಏನು ಬೆಲೆ? ಅದೇ ತಿಂಗಳುಗಳಲ್ಲಿ ಮರ ಬಿದ್ದು ತಂತಿ ಹರಿದು ವಾರಗಟ್ಟಲೆ ಕರೆಂಟಿರುವುದಿಲ್ಲ. ಚಾರ್ಜಾಗದ ಸೈಕಲ್ ಕೊಟ್ಟಿಗೆಯ ಮೂಲೆ ಸೇರುತ್ತದೆ.

ತೂಕದ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಮೂವತ್ತು ಕಿಲೋದ ಸೈಕಲ್ ಇಪ್ಪತ್ತು ಕಿಲೋದ ಸೈಕಲ್ಲಿಗಿಂತ ನೂರು ಮೀಟರ್ ಏರಿಗೆ ಕೇಳುವುದು ಮೂರು ವಾಟ್-ಗಂಟೆಯಷ್ಟು ಹೆಚ್ಚು. ಮೋಟಾರಿಗೆ ಅದು ದೊಡ್ಡ ಹೊರೆಯಲ್ಲ, ಮನುಷ್ಯನಿಗೆ ಹೊರೆ. ಬ್ಯಾಟರಿ ಬರಿದಾದ ದಿನ ಗೇರಿಲ್ಲದ ಆ ಭಾರವನ್ನು ಚಡಾವಿನಲ್ಲಿ ತುಳಿಯಲಾಗದೆ ತಳ್ಳಬೇಕು. ಡಾಂಬರು ರಸ್ತೆ ಬಿಟ್ಟು ಅರ್ಧ ಮೈಲಿ ಒಳಗಿರುವ ಒಂಟಿ ಮನೆಗೆ ಹೋಗುವವರು ಅದನ್ನು ಕಾಲುಸಂಕದ ಮೇಲೆ ಎತ್ತಿ ದಾಟಿಸಬೇಕು, ಜಾರುವ ಮೆಟ್ಟಿಲುಗಳ ಮೇಲೆ ಹೊರಬೇಕು. ಸೈಕಲ್ ಮನುಷ್ಯನನ್ನು ಹೊರುವ ಬದಲು ಮನುಷ್ಯನೇ ಸೈಕಲ್ಲನ್ನು ಹೊರುವ ಸ್ಥಿತಿಗೆ ಯಾವ ಸುಖವೆಂದು ಹೆಸರಿಡುವುದು?

ಮೆತ್ತನೆಯ ಸೀಟಿನ ಮರ್ಮ

ಸೀಟಿನ ಮಾತಿಗೆ ಬಂದರೆ, ಬೆನ್ನು ನೆಟ್ಟಗಿಟ್ಟು ಕೂರುವುದು ಕುತ್ತಿಗೆಗೂ ಮಣಿಕಟ್ಟಿಗೂ ಹಿತ. ಆದರೆ ಆಗ ದೇಹದ ಭಾರವೆಲ್ಲ ಸೀಟಿಗೆ ಇಳಿಯುತ್ತದೆ, ಗುಂಡಿಯ ಪೆಟ್ಟು ನೇರವಾಗಿ ಬೆನ್ನುಹುರಿಗೆ ಏರುತ್ತದೆ. ಅದನ್ನು ಮರೆಸಲು ಸೀಟು ಮೆತ್ತಗಾಗುತ್ತದೆ, ಸ್ಪ್ರಿಂಗು ಬರುತ್ತದೆ. ಏರಿನಲ್ಲಿ ಈ ಭಂಗಿಯ ಇನ್ನೊಂದು ದೋಷ ಕಾಣುತ್ತದೆ. ಹಿಂದಿನ ಚಕ್ರದಲ್ಲಿ ಮೋಟಾರು, ಕ್ಯಾರಿಯರಿನ ಕೆಳಗೆ ಬ್ಯಾಟರಿ, ಮೇಲೆ ಹಾಲಿನ ಕ್ಯಾನು ಅಥವಾ ಹಿಂಡಿಯ ಚೀಲ, ಹಿಂದಕ್ಕೆ ಕೂತ ಸವಾರ: ಇಷ್ಟೂ ಸೇರಿ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅತ್ತಿತ್ತ ಓಲಾಡುತ್ತದೆ. ಬ್ಯಾಟರಿಯನ್ನು ಚೌಕಟ್ಟಿನ ನಡುವೆ ಕೆಳಗಿಟ್ಟು, ಸವಾರ ತುಸು ಮುಂದಕ್ಕೆ ಬಾಗುವಂತೆ ಮಾಡಿದರೆ ಈ ದೋಷ ಬಹಳ ಮಟ್ಟಿಗೆ ನೀಗುತ್ತದೆ.

ಇದೆಲ್ಲ ವಿನ್ಯಾಸಕಾರರಿಗೆ ತಿಳಿಯದ ಸಂಗತಿಯಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಕೂತು ನೋಡುವ ಗ್ರಾಹಕನಿಗೆ ಮೆತ್ತನೆಯ ಸೀಟು ತಕ್ಷಣ ತಿಳಿಯುತ್ತದೆ. ಬ್ರೇಕಿನ ಗುಣ, ಗೇರಿನ ಹಲ್ಲು, ವೈರಿಂಗಿನ ಮುಚ್ಚಳ ತಿಳಿಯಲು ಒಂದು ಮಳೆಗಾಲ ಕಳೆಯಬೇಕು. ಮಾರುಕಟ್ಟೆ ಮಾರುವುದು ಎರಡು ನಿಮಿಷದ ಸುಖವನ್ನು. ದಿನಬಳಕೆಯವರಿಗೆ ಬೇಕಾದದ್ದು ಹತ್ತು ವರ್ಷದ ಸುಖ.

ಬ್ಯಾಟರಿಯ ನೆಲ, ಕರೆಂಟಿನ ನೀರು

ಬ್ಯಾಟರಿಗೆ ಲಿಥಿಯಂ ಬೇಕು, ಲಿಥಿಯಮ್ಮಿಗೆ ಯಾರದೋ ನೆಲ ಅಗೆಯಬೇಕು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಉಪ್ಪುನೀರು ಬತ್ತಿಸಿ ತೆಗೆಯುವ ಲಿಥಿಯಂ ಅಲ್ಲಿನ ಮೂಲನಿವಾಸಿಗಳ ನೀರಿನ ಪ್ರಶ್ನೆಯಾಗಿದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಸುಮಾರು 1,600 ಟನ್ ನಿಕ್ಷೇಪವಿದೆಯೆಂಬ ಪ್ರಾಥಮಿಕ ಅಂದಾಜು 2021ರಲ್ಲಿ ಹೊರಬಿದ್ದಿತು. ಹಾಗೆಂದು ಎಲ್ಲ ಬ್ಯಾಟರಿ ವಾಹನಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. 40 ಕಿಲೋವಾಟ್-ಗಂಟೆಯ ಒಂದು ಕಾರಿನ ಬ್ಯಾಟರಿಯಲ್ಲಿ 140 ಇ-ಸೈಕಲ್ಲುಗಳ ಬ್ಯಾಟರಿ ಅಡಗಿದೆ. ಭೂಮಿಯ ಮೇಲಿನ ಗಾಯ ಚಿಕ್ಕದಿರಬೇಕೆನ್ನುವವರು ವಾಹನವೂ ಚಿಕ್ಕದಿರಬೇಕೆಂದು ಹೇಳಬೇಕಾಗುತ್ತದೆ.

ಕರೆಂಟಿನ ವಿಷಯದಲ್ಲಿ ಮಲೆನಾಡಿಗೆ ಹಳೆಯ ಗಾಯವೇ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಜನ ತುಮರಿ ಕಡೆಗೆ ದಾಟಲು ಲಾಂಚನ್ನೇ ನೆಚ್ಚಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಆರು ದಶಕಗಳ ಅನಂತರ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸುರಂಗ ಕೊರೆದು 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಸ್ಥಾವರ ಕಟ್ಟುವ ಪ್ರಸ್ತಾವದ ವಿರುದ್ಧ 2025ರಲ್ಲಿ ಶಿವಮೊಗ್ಗ ಮತ್ತು ಉತ್ತರ ಕನ್ನಡದ ಜನ ದನಿಯೆತ್ತಿದರು. ಇಂಥ ಯೋಜನೆಗಳಿಗೆಲ್ಲ ‘ಸ್ವಚ್ಛ ಇಂಧನ’ವೆಂಬ ಸಮರ್ಥನೆ ಮುಂದಿಡಲಾಗುತ್ತದೆ. ಅದನ್ನು ಸೈಕಲ್ಲಿನ ಹೆಗಲಿಗೆ ಹೊರಿಸಲಾಗದು. ಒಂದು ಲಕ್ಷ ಇ-ಸೈಕಲ್ಲುಗಳಿಗೆ ದಿನಕ್ಕೆ ಬೇಕಾಗುವುದು 35,000 ಯೂನಿಟ್. ಅಂಥ ಸ್ಥಾವರ ಪೂರ್ಣ ಶಕ್ತಿಯಲ್ಲಿ ಒಂದು ನಿಮಿಷ ಓಡಿದರೆ ಬರುವ ವಿದ್ಯುತ್ತು ಅದಕ್ಕೆ ಬಹುತೇಕ ಸಾಕು. ಸೈಕಲ್ ತುಳಿಯುವವರಿಗಾಗಿ ಕಾಡು ಕೊರೆಯಬೇಕಿಲ್ಲ.

ಸಹಾಯಧನ ಹರಿದದ್ದು ಎತ್ತ?

ಇಷ್ಟು ಮಿತವ್ಯಯದ ಯಂತ್ರಕ್ಕೆ ಸರ್ಕಾರಗಳು ಕೊಟ್ಟ ಬೆಂಬಲವೆಷ್ಟು? ಕೇಂದ್ರದ ಫೇಮ್-2 ಯೋಜನೆ 2019ರಲ್ಲಿ ಆರಂಭವಾಗಿ 2024ರ ಮಾರ್ಚ್‌ನಲ್ಲಿ ಮುಗಿಯಿತು. ಅದರಡಿ ಸಹಾಯಧನ ಪಡೆಯಲು ದ್ವಿಚಕ್ರ ವಾಹನ ಕನಿಷ್ಠ 40 ಕಿಲೋಮೀಟರ್ ವೇಗದಲ್ಲಿ ಓಡಬೇಕಿತ್ತು, ಒಮ್ಮೆ ತುಂಬಿಸಿದರೆ ಕನಿಷ್ಠ 80 ಕಿಲೋಮೀಟರ್ ಸಾಗಬೇಕಿತ್ತು. ಸಹಾಯಧನವೂ ಬ್ಯಾಟರಿಯ ಗಾತ್ರಕ್ಕೆ ಅನುಗುಣ: 2021ರ ಜೂನ್‌ನಲ್ಲಿ ಕಿಲೋವಾಟ್-ಗಂಟೆಗೆ 15,000 ರೂಪಾಯಿ, 2023ರ ಜೂನ್‌ನಿಂದ 10,000. ದೊಡ್ಡ ಬ್ಯಾಟರಿಗೆ ದೊಡ್ಡ ನೆರವು, ಸಣ್ಣದಕ್ಕೆ ಸೊನ್ನೆ. 2024ರ ಅಕ್ಟೋಬರಿನಲ್ಲಿ ಬಂದ ಪಿಎಂ ಇ-ಡ್ರೈವ್ ಯೋಜನೆಯ ಪಟ್ಟಿಗೂ ತುಳಿಯುವ ಇ-ಸೈಕಲ್ ಸೇರಲಿಲ್ಲ. ದೆಹಲಿ ಸರ್ಕಾರ 2022ರಲ್ಲಿ ಮೊದಲ ಹತ್ತು ಸಾವಿರ ಇ-ಸೈಕಲ್ಲುಗಳಿಗೆ 5,500 ರೂಪಾಯಿವರೆಗೆ ಸಹಾಯಧನ ಘೋಷಿಸಿತ್ತು. ಅಂದರೆ ಮನಸ್ಸಿದ್ದರೆ ಮಾರ್ಗವಿದೆ. ವಿಪರ್ಯಾಸವೆಂದರೆ ಅದು ಏರೇ ಇಲ್ಲದ ಊರು.

ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಬಂದಿತು, ಕೋವಿಡ್ ಕಾಲದಲ್ಲಿ ನಿಂತಿತು. ಬಯಲುಸೀಮೆಯ ಹೆಣ್ಣುಮಕ್ಕಳ ಪಾಲಿಗೆ ಅದು ದೊಡ್ಡ ಕೊಡುಗೆ. ಕಡಿದಾದ ಗುಡ್ಡದ ಹಾದಿಯ ಮಗುವಿಗೆ ಗೇರಿಲ್ಲದ ಅದೇ ಸೈಕಲ್ ಅಷ್ಟೇ ಉಪಯೋಗಕ್ಕೆ ಬರಲಾರದು. ಯೋಜನೆ ಮತ್ತೆ ಆರಂಭವಾಗುವುದಾದರೆ ಮಲೆನಾಡಿನ ತಾಲೂಕುಗಳಿಗೆ ಗೇರು, ಒಳ್ಳೆಯ ಬ್ರೇಕು, ತುಳಿತಕ್ಕೆ ನೆರವಾಗುವ ಮೋಟಾರು ಇರುವ ಸೈಕಲ್ ಕೊಡಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಬಸ್ಸಿಗೆ ಬದಲಿಯಲ್ಲ

ಕೊನೆಯದೊಂದು ಅಪಾಯವಿದೆ. ಬ್ಯಾಟರಿ ಸೈಕಲ್ ಬಂದಿತಲ್ಲ, ಬಸ್ಸೇಕೆ ಎಂದು ಅಧಿಕಾರಸ್ಥರು ಕೇಳುವ ದಿನ ದೂರವಿಲ್ಲ. ಕೊಪ್ಪದಲ್ಲಿ 1991ರಲ್ಲಿ ನೌಕರರೇ ಮಾಲೀಕರಾಗಿ ಕಟ್ಟಿದ ‘ಸಹಕಾರ ಸಾರಿಗೆ’ ಸುಮಾರು ಮೂರು ದಶಕ ಹಳ್ಳಿಹಳ್ಳಿಗೆ ಬಸ್ಸು ಓಡಿಸಿ 2020ರಲ್ಲಿ ನಿಂತಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿದೆ. ಸರ್ಕಾರಿ ಬಸ್ಸೇ ಹೋಗದ ಊರಿನ ಹೆಂಗಸಿಗೆ ಅದರಿಂದ ಏನು ಬಂತು? ಬಾಣಂತಿಯನ್ನೂ ಜ್ವರದ ಮಗುವನ್ನೂ ಆಸ್ಪತ್ರೆಗೆ ಒಯ್ಯುವುದು ಸೈಕಲ್ಲಲ್ಲ. ಮನೆಯಿಂದ ಬಸ್ಸು ನಿಲ್ಲುವ ಕಟ್ಟೆಯವರೆಗಿನ ಮೂರು-ನಾಲ್ಕು ಕಿಲೋಮೀಟರಿಗೆ, ಹಾಲಿನ ಡೈರಿಗೆ, ಸೊಸೈಟಿಗೆ, ಹೈಸ್ಕೂಲಿಗೆ ಅದು ತಕ್ಕ ಸಾಧನ. ಬಸ್ಸು ಮತ್ತು ಸೈಕಲ್ ಒಂದಕ್ಕೊಂದು ಜೋಡಿಯಾಗಬೇಕು.

ಆದ್ದರಿಂದ ಕೊಳ್ಳುವ ಮೊದಲು ಹಳ್ಳಿಗರು ಅಂಗಡಿಯ ಮುಂದಿನ ಡಾಂಬರಿನಲ್ಲಿ ಓಡಿಸಿ ತೃಪ್ತರಾಗಬಾರದು. ಇಪ್ಪತ್ತು ಕಿಲೋ ಹೇರಿ ತಮ್ಮೂರಿನ ಅತಿ ಕಡಿದಾದ ಚಡಾವಿನಲ್ಲಿ ಹತ್ತಿಸಿ, ಇಳಿಸಿ, ಬ್ರೇಕು ಹಿಡಿದು ನೋಡಬೇಕು. ಬ್ಯಾಟರಿ ತೆಗೆದು ತುಳಿದು ನೋಡಬೇಕು. ಬದಲಿ ಬ್ಯಾಟರಿಗೆ ಸೈಕಲ್ಲಿನ ಬೆಲೆಯ ಮೂರನೇ ಒಂದು ಭಾಗದಷ್ಟು ಆಗಬಹುದಾದ್ದರಿಂದ ಅದರ ದರವನ್ನೂ ವಾರಂಟಿಯ ಅವಧಿಯನ್ನೂ ಬರಹದಲ್ಲಿ ಪಡೆಯಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಹೊಣೆ ತಯಾರಕರದು. ಅದನ್ನು ಯಾವ ಊರಿನಲ್ಲಿ, ಯಾರು ಹಿಂದಕ್ಕೆ ಪಡೆಯುತ್ತಾರೆಂದು ಕೇಳಬೇಕು. ಉತ್ತರ ಬಾರದಿದ್ದರೆ ಆ ಬ್ಯಾಟರಿಯ ಕೊನೆಯ ನಿಲ್ದಾಣ ಊರಿನ ಹಳ್ಳವೇ.

ಒಬ್ಬೊಬ್ಬರೇ ಕೇಳಿದರೆ ನಗುವ ಮಾರಾಟಗಾರ, ಸಹಕಾರ ಸಂಘವೊಂದು ಐವತ್ತು ಸೈಕಲ್ಲಿಗೆ ಒಟ್ಟಾಗಿ ಬೇಡಿಕೆ ಇಟ್ಟರೆ ಕಿವಿಗೊಡುತ್ತಾನೆ. ಗೇರು ಇರಲಿ, ಡಿಸ್ಕ್ ಬ್ರೇಕು ಇರಲಿ, ಬ್ಯಾಟರಿ ನಡುವೆ ಇರಲಿ, ಕಂಟ್ರೋಲರ್ ಬಿಚ್ಚಿ ರಿಪೇರಿ ಮಾಡುವಂತಿರಲಿ, ಪೇಟೆಯ ಸೈಕಲ್ ಶಾಪಿನವರಿಗೂ ಐಟಿಐ ವಿದ್ಯಾರ್ಥಿಗಳಿಗೂ ತರಬೇತಿ ಸಿಗಲಿ ಎಂಬ ಷರತ್ತುಗಳನ್ನು ಹಾಕುವ ಶಕ್ತಿ ಸಂಘಟಿತ ಗ್ರಾಹಕರಿಗಿದೆ. ಸಹಾಯಧನ ಬ್ಯಾಟರಿಯ ಗಾತ್ರವನ್ನು ನೋಡದೆ ವಾಹನದ ಮಿತವ್ಯಯವನ್ನು ನೋಡಲಿ ಎಂಬ ಠರಾವು ಮುಂದಿನ ಗ್ರಾಮಸಭೆಗಳಲ್ಲಿ ಮಂಡನೆಯಾಗಬೇಕು. ಈ ಷರತ್ತುಗಳಿಗೆ ಒಪ್ಪುವ ಸೈಕಲ್ ಗುಡ್ಡ ಹತ್ತಲಿ. ಒಪ್ಪದ ಸೈಕಲ್ಲಿನ ಸೀಟು ಎಷ್ಟೇ ಮೆತ್ತಗಿರಲಿ, ಅದು ಅಂಗಡಿಯಲ್ಲೇ ಉಳಿಯಲಿ.